ರೊಟ್ಟಿ ಬಡಿಯದ ಬೆರಳು

ಹೋದ ತಿಂಗಳು ಧಾರವಾಡದ ಒಂದು ಐ.ಟಿ.ಐ.ಯವರು ನನ್ನನ್ನು ಕರೆಸಿ, ಕೊರಳಿಗೆ ಹಾರ ಹಾಕಿ, ಮಕ್ಕಳಿಗೆ ನಿಮ್ಮ ಕೆಲಸದ ಬಗ್ಗೆ ಎರಡು ಮಾತು ಹೇಳಿರಿ ಎಂದರು. ಒಂದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಳೆದವನೆಂದರೆ ಈಗಿನವರಿಗೆ ಸೋಜಿಗ. ಚಳಿ ಕೊಟ್ಟು ಬರ್ರು ತೆಗೆಯುವ ಯಂತ್ರದ ಮೇಲೆ ಮುಕ್ಕಾಲು ತಾಸು ಮಾತನಾಡಿದೆ. ಬೋರ್ಡಿನ ಮೇಲೆ ಚಿತ್ರ ಬರೆದೆ. ಶೂನ್ಯಕ್ಕಿಂತ ಎಷ್ಟು ಕೆಳಗೆ ಹೋಗುತ್ತಿದ್ದೆವು ಎಂದು ಹೇಳಿ ಒಂದಿಷ್ಟು ಕಣ್ಣು ಅರಳಿಸಿದೆ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

“ಸರ್, ಬರ್ರು ಪೂರಾ ಹೋಗೇತೋ ಇಲ್ಲೋ ಅನ್ನೂದು ನಿಮಗ ಹೆಂಗ ಗೊತ್ತಾಗ್ತಿತ್ರಿ?”

“ಮೈಕ್ರೋಸ್ಕೋಪಿನಾಗ ನೋಡ್ತಿದ್ವಿ” ಎಂದೆ. ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿ ಬಸ್ ಹತ್ತಿಸಿದರು.

ಬಸ್ಸು ಬೈರಿದೇವರಕೊಪ್ಪ ದಾಟುವ ಹೊತ್ತಿಗೆ ನನ್ನ ಮೇಲೆ ನನಗೇ ಹೇಸಿಗೆ ಬಂತು. ಮೈಕ್ರೋಸ್ಕೋಪ್ ಬಂದದ್ದು ಆಮೇಲೆ. ಅದಕ್ಕೂ ಮೊದಲು ಹತ್ತು ಹನ್ನೆರಡು ವರ್ಷ ನಮ್ಮ ಕಾರ್ಖಾನೆಯ ಮೈಕ್ರೋಸ್ಕೋಪ್ ಆಗಿದ್ದದ್ದು ನೀಲವ್ವ ಎಂಬ ಹೆಣ್ಣುಮಗಳ ಬಲಗೈಯ ಮೂರು ಬೆರಳು. ಆ ಬೆರಳು ಏನಾದವು ಎಂಬುದನ್ನು ಆ ಹುಡುಗಿಗೆ ಹೇಳುವ ಧೈರ್ಯ ನನಗೆ ಆಗಲಿಲ್ಲ. ಬಾಯಿಂದ ಬಾರದ್ದನ್ನು ಬರೆದಾದರೂ ಇಡೋಣ ಎಂದು ಕುಳಿತಿದ್ದೇನೆ.

ಬರ್ರು ಎಂದರೇನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನೈಲಾನಿನ ಬಳೆಯನ್ನೋ ಸತುವಿನ ತುಂಡನ್ನೋ ಲೇಥಿನಲ್ಲಿ ಕೊರೆದಾಗ, ತೂತಿನ ಬಾಯಿಗೆ, ಅಂಚಿಗೆ, ಕೂದಲಿನಂಥ ಒಂದು ಸಿಬಿರು ಉಳಿಯುತ್ತದೆ. ಅದೇ ಬರ್ರು. ಕಣ್ಣಿಗೆ ಬೀಳುವುದು ಅಪರೂಪ. ಆದರೆ ಆ ಬಳೆ ಒಂದು ವಾಲ್ವಿನೊಳಗೆ ಕುಳಿತ ಮೇಲೆ ಅದೇ ಸಿಬಿರು ಕಿತ್ತುಬಂದು ಸಂದಿಯಲ್ಲಿ ಸಿಕ್ಕಿಕೊಂಡರೆ ವಾಲ್ವು ಮುಚ್ಚುವುದಿಲ್ಲ. ನಮ್ಮದು ವಾಲ್ವುಗಳಿಗೆ ಇಂಥ ಸಣ್ಣ ಭಾಗಗಳನ್ನು ಮಾಡಿಕೊಡುವ ಕಾರ್ಖಾನೆ. ನಾನು ತೊಂಬತ್ತರ ದಶಕದ ಮೊದಲಿಗೆ, ಫಿಟ್ಟರ್ ಕಲಿತು ಅಲ್ಲಿ ಸೇರಿದೆ. ಬೆಂಗೇರಿಯಿಂದ ಸೈಕಲ್ ಮೇಲೆ ಹೋಗುತ್ತಿದ್ದೆ.

ಮಾಲಕರನ್ನು ನಾವೆಲ್ಲ ಸಾವ್ಕಾರ್ರು ಎನ್ನುತ್ತಿದ್ದೆವು. ಅವರ ಮನೆತನ ಹತ್ತಿ ವ್ಯಾಪಾರದ್ದು. ಹತ್ತಿ ಅಂಗಡಿ ಕಳೆಗುಂದಿದಾಗ ಇವರು ಲೇಥ್ ಹಾಕಿದವರು. ಆದರೂ ಅಭ್ಯಾಸ ಹೋಗಿರಲಿಲ್ಲ. ಪ್ಲಾಸ್ಟಿಕ್ ಸರಳು ಬಂದರೂ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಎಳೆ ಎಳೆಯುವವರ ಹಾಗೆ ತಿಕ್ಕಿ ನೋಡುತ್ತಿದ್ದರು. ತಮ್ಮ ಜಿನ್ನಿಂಗ್ ಗಿರಣಿಯಲ್ಲಿ ಹತ್ತಿ ಆರಿಸುತ್ತಿದ್ದ ಎಂಟು ಹೆಣ್ಣುಮಕ್ಕಳನ್ನು ಬರ್ರು ತೆಗೆಯುವ ಕೆಲಸಕ್ಕೆ ಕರೆತಂದಿದ್ದರು. ಕಿಟಕಿಯ ಪಕ್ಕ ಉದ್ದನೆಯ ಮೇಜಿಗೆ ಸಾಲಾಗಿ ಕುಳಿತು, ಸಣ್ಣ ಚೂರಿಯಿಂದ ಒಂದೊಂದೇ ಬಳೆಯ ಅಂಚನ್ನು ಹೆರೆಯುವುದು ಅವರ ಕೆಲಸ. ಅವರಲ್ಲಿ ಹಿರಿಯಳು ನೀಲವ್ವ. ಕಮರಿಪೇಟೆಯವಳು. ಆಗ ಮೂವತ್ತೈದರ ಆಸುಪಾಸು.

ನನ್ನ ಮೊದಲ ತಪ್ಪು ಸೇರಿದ ಎರಡನೇ ವಾರದಲ್ಲೇ ಆಯಿತು. ಅವಸರದ ಮಾಲು ಒಂದಿತ್ತು. ಕಣ್ಣಿನಿಂದ ನೋಡಿದೆ, ಎಲ್ಲ ನುಣ್ಣಗಿದೆ ಎನ್ನಿಸಿತು, ಹೆಂಗಸರ ಮೇಜಿಗೆ ಕಳಿಸದೆ ನೇರವಾಗಿ ಪ್ಯಾಕ್ ಮಾಡಿಸಲು ಹೊರಟೆ. ನೀಲವ್ವ ಬಂದು ಡಬ್ಬಿಯಿಂದ ಒಂದು ಬಳೆ ಎತ್ತಿಕೊಂಡಳು. ಬೆರಳನ್ನು ಒಂದು ಸುತ್ತು ಆಡಿಸಿದಳು.

“ತಮ್ಮಾ, ಇದರಾಗ ಎರಡು ಕಡೆ ಐತಿ.”

“ಎಲ್ಲೈತಿ ಅಕ್ಕಾ? ನನಗ ಕಾಣವಲ್ದು.”

“ಕಾಣೂದಲ್ಲ ಇದು.” ಸೆರಗಿನ ಗಂಟಿನಿಂದ ಒಂದು ಚಿಟಿಕೆ ಹತ್ತಿ ತೆಗೆದು ಅಂಚಿನ ಮೇಲೆ ಹಗುರಾಗಿ ಸವರಿದಳು. ಎರಡು ಕಡೆ ಎಳೆ ಸಿಕ್ಕಿಕೊಂಡು ನಿಂತಿತು. ಅವಳು ಬೆರಳಿಟ್ಟು ತೋರಿಸಿದ ಜಾಗವೇ ಅದು. ಹತ್ತಿ ಬೇಕಾಗಿದ್ದದ್ದು ನಮ್ಮಂಥವರಿಗೆ ತೋರಿಸಿಕೊಡಲು ಮಾತ್ರ. ಅವಳಿಗೆ ಬೆರಳೇ ಸಾಕಿತ್ತು. ಅಂದಿನಿಂದ ಹತ್ತಿಯ ಎಳೆಯ ಪರೀಕ್ಷೆ ನನ್ನ ವಿದ್ಯೆಯಾಯಿತು. ಐ.ಟಿ.ಐ.ಯಲ್ಲಿ ಯಾರೂ ಅದನ್ನು ಕಲಿಸಿರಲಿಲ್ಲ.

ಆ ಬೆರಳುಗಳನ್ನು ಅವಳು ಜೋಪಾನ ಮಾಡುತ್ತಿದ್ದ ರೀತಿ ಹೇಳಲೇಬೇಕು. ನಮ್ಮ ಕಡೆ ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಾರೆ. ದಿನಾ ಇಪ್ಪತ್ತು ಮೂವತ್ತು ರೊಟ್ಟಿ ಬಡಿದು, ಕಾದ ಹಂಚಿನ ಮೇಲೆ ಬರಿಗೈಯಿಂದ ತಿರುವಿ ಹಾಕಿದರೆ ಬೆರಳ ತುದಿ ದಡ್ಡುಗಟ್ಟುತ್ತದೆ. ಬಿಸಿ ಹತ್ತುವುದಿಲ್ಲ. ಅಂಥ ಬೆರಳಿಗೆ ಬರ್ರೂ ಹತ್ತುವುದಿಲ್ಲ. ಅದಕ್ಕಾಗಿ ನೀಲವ್ವ ಈ ಕೆಲಸಕ್ಕೆ ಬಂದ ಮೇಲೆ ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದಳು. ಮನೆಯಲ್ಲಿ ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ರೊಟ್ಟಿ ಮಾಡುತ್ತಿದ್ದಳು. ಓಣಿಯಲ್ಲಿ ಆಡಿಕೊಳ್ಳುತ್ತಿದ್ದರು. ರೊಟ್ಟಿ ಬಡಿಯದ ಹೆಂಗಸು ಎಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ನೀಲವ್ವ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸಂಜೆ ಕೆಲಸ ಬಿಡುವಾಗ ಬೆರಳುಗಳಿಗೆ ಕುಸುಬಿ ಎಣ್ಣೆ ಹಚ್ಚಿಕೊಂಡು ಹೋಗುತ್ತಿದ್ದಳು. ಅದರಲ್ಲಿ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಹತ್ತು ವರ್ಷ ತುಂಬುವ ಹೊತ್ತಿಗೆ ಕೆಲಸ ಹೆಚ್ಚಾಯಿತು. ಎಂಟು ಚೂರಿಗಳಿಗೆ ಸಾಗದಾಯಿತು. ಸಾವ್ಕಾರ್ರು ಹೊಸ ಯಂತ್ರ ತರಿಸಿದರು. ನನ್ನನ್ನು ಪುಣೆಗೆ ಹದಿನೈದು ದಿನ ಕಲಿಯಲು ಕಳಿಸಿದರು. ಯಂತ್ರದ ತತ್ವ ಸರಳ. ಭಾಗಗಳನ್ನು ಒಂದು ಬುಟ್ಟಿಯಲ್ಲಿ ಹಾಕಿ ತಿರುಗಿಸುತ್ತ, ಒಳಗೆ ದ್ರವ ಸಾರಜನಕ ಬಿಡುತ್ತಾರೆ. ಅಂಥ ಚಳಿಗೆ ತೆಳ್ಳನೆಯ ಬರ್ರು ಮೊದಲು ಪೆಡಸಾಗುತ್ತದೆ, ದಪ್ಪನೆಯ ಮೈಗೆ ಚಳಿ ಇನ್ನೂ ಪೂರಾ ಇಳಿದಿರುವುದಿಲ್ಲ. ಆಗ ಸಣ್ಣ ಪ್ಲಾಸ್ಟಿಕ್ ಕಾಳುಗಳನ್ನು ರಭಸದಿಂದ ಎರಚಿದರೆ ಬರ್ರು ಹಪ್ಪಳದ ಅಂಚಿನ ಹಾಗೆ ಮುರಿದು ಬೀಳುತ್ತದೆ.

ಸಾರಜನಕದ ಪಾತ್ರೆ ಮೊದಲು ಬಂದ ದಿನ ಹೆಂಗಸರೆಲ್ಲ ನೋಡಲು ಬಂದರು. ಮುಚ್ಚಳ ತೆಗೆದಾಗ ಬಿಳಿ ಹೊಗೆ ನೆಲದ ಮೇಲೆ ಹರಿಯಿತು.

“ಇದು ದನದ ದವಾಖಾನಿ ಕ್ಯಾನ್ ಅಲ್ಲೇನು?” ಎಂದಳು ನೀಲವ್ವ. “ನಮ್ಮ ತವರಮನ್ಯಾಗ ಎಮ್ಮಿಗೆ ಸೂಜಿ ಮಾಡಾಕ ಬರಾವ್ರು ಇಂಥಾದ್ದ ತರ್ತಿದ್ರು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಹೇಳಿದ್ದು ಖರೇ, ಎಮ್ಮೆಗೆ ಗರ್ಭ ಕಟ್ಟಿಸುವ ಬೀಜವನ್ನು ಕೆಡದಂತೆ ಇಡುವುದೂ ಅದೇ ದ್ರವದಲ್ಲಿ. ನಗುತ್ತಲೇ ಅವರ ಮುಖ ತಪ್ಪಿಸಿ ಪಾತ್ರೆಯ ಮುಚ್ಚಳ ಹಾಕಿದೆ. ಯಾಕೆಂದರೆ ಹಿಂದಿನ ದಿನವೇ ಸಾವ್ಕಾರ್ರು ನನ್ನನ್ನು ಕೋಣೆಗೆ ಕರೆದು ಕೇಳಿದ್ದರು.

“ಚನ್ನಪ್ಪ, ಇನ್ನ ಎಂಟು ಮಂದಿ ಬೇಕಾಗಂಗಿಲ್ಲ. ಮಾಲು ಹೊರಬಿದ್ದ ಮ್ಯಾಲೆ ನೋಡಾಕ ಒಬ್ಬಾಕಿ ಸಾಕು. ಯಾರು ಉಳೀಬೇಕು, ನೀನ ಹೇಳು.”

“ನೀಲವ್ವಕ್ಕ ರೀ” ಎಂದೆ. ಒಂದು ಗಳಿಗೆಯೂ ಯೋಚಿಸಲಿಲ್ಲ. ಉಳಿದ ಏಳು ಮಂದಿಯ ಹೆಸರು ಹೇಳದೆ ಬಿಟ್ಟೆ ಎಂಬುದೂ ಆಗ ಹೊಳೆಯಲಿಲ್ಲ. ತಿಂಗಳ ಕೊನೆಗೆ ಅವರು ಹೋದರು. ಜಗಳ ಮಾಡಲಿಲ್ಲ. ಚೂರಿಗಳನ್ನು ಒರೆಸಿ ಮೇಜಿನ ಮೇಲೆ ಸಾಲಾಗಿ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಕೊನೆಯವಳು ನನ್ನತ್ತ ತಿರುಗಿ, “ಬರ್ತೇವ್ರಿ ಅಣ್ಣಾರ” ಎಂದಳು. ಬಯ್ದಿದ್ದರೆ ಹಗುರಾಗುತ್ತಿತ್ತೇನೋ. ನೀಲವ್ವ ಆ ಏಳು ಚೂರಿಗಳನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು.

ಹೊಸ ಯಂತ್ರದೊಡನೆ ನಾನು ಮಾಡಿದ ಭಾನಗಡಿಗಳನ್ನು ಬರೆದರೆ ಇನ್ನೊಂದು ಪುಸ್ತಕವಾದೀತು. ಮೊದಲ ಬುಟ್ಟಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಚಳಿಯಲ್ಲಿಟ್ಟು ಬಳೆಗಳನ್ನೇ ಪುಡಿ ಮಾಡಿದೆ. ಎರಡನೆಯದರಲ್ಲಿ ಬರ್ರು ಹಾಗೇ ಉಳಿಯಿತು. ಮೂರನೆಯದು ಚೆನ್ನಾಗಿ ಹೊರಬಂತು. ಖುಷಿಯಿಂದ ವರ್ನಿಯರ್ ಹಿಡಿದು ಅಳೆದರೆ ಎಲ್ಲ ಬಳೆಗಳೂ ಅಳತೆಗಿಂತ ಸಣ್ಣ. ಲೇಥಿನವನನ್ನು ಕರೆದು ಬಾಯಿಗೆ ಬಂದಂತೆ ಬಯ್ದೆ. ಇಡೀ ಬುಟ್ಟಿಗೆ ಕೆಂಪು ಚೀಟಿ ಅಂಟಿಸಿದೆ. ನೀಲವ್ವ ಸುಮ್ಮನೆ ನೋಡುತ್ತ ನಿಂತಿದ್ದವಳು ಹತ್ತಿರ ಬಂದಳು.

“ಚಳಿಗೆ ಮುದುಡಿಕೊಂಡಾವು ತಮ್ಮಾ. ನಾವರ ಮುದುಡಿಕೊಳ್ಳೂದಿಲ್ಲೇನು? ಚಾ ಕುಡದು ಬಾ ಹೋಗು, ಆಮ್ಯಾಲೆ ಅಳಿ.”

ಚಹಾ ಕುಡಿದು ಬಂದು ಅಳೆದೆ. ಎಲ್ಲವೂ ಅಳತೆಗೆ ಸರಿಯಾಗಿ ಕುಳಿತವು. ಲೇಥಿನವನ ಮುಖ ನೋಡಲು ಎರಡು ದಿನ ಬೇಕಾಯಿತು. ಆಗ ನಾನೇ ಒಂದು ನಿಯಮ ಮಾಡಿ ಗೋಡೆಗೆ ಬರೆಸಿದೆ. ಹೊರಬಂದ ಮಾಲು ತಟ್ಟೆಯಲ್ಲಿ ಅರ್ಧ ತಾಸು ಇರಬೇಕು. ಅಲ್ಲಿಯವರೆಗೆ ಚರ್ಮದ ಕೈಗವಸಿಲ್ಲದೆ ಯಾರೂ ಮುಟ್ಟಬಾರದು. ನಿಯಮ ಮಾಡಿದವನೂ ನಾನೇ, ಮುರಿಸಿದವನೂ ನಾನೇ.

ಒಮ್ಮೆಲೇ ಮುರಿಯಲಿಲ್ಲ. ಅರ್ಧ ತಾಸು ಇಪ್ಪತ್ತು ನಿಮಿಷವಾಯಿತು, ಇಪ್ಪತ್ತು ಹತ್ತಾಯಿತು. ಒಂದು ಬುಟ್ಟಿ ನೋಡಿ ಸರಿ ಎಂದ ಮೇಲೆಯೇ ಮುಂದಿನ ಬುಟ್ಟಿ ಹಾಕಬೇಕು. ನೀಲವ್ವ ತಡ ಮಾಡಿದಷ್ಟೂ ಯಂತ್ರ ಖಾಲಿ ನಿಲ್ಲುತ್ತಿತ್ತು. ಚರ್ಮದ ಕೈಗವಸು ಹಾಕಿಕೊಂಡರೆ ಬೆರಳಿಗೆ ಏನೂ ತಿಳಿಯುವುದಿಲ್ಲ. ಅವಳು ಅದನ್ನು ತೆಗೆದು ಬದಿಗಿಡುವುದನ್ನು ನಾನು ದಿನಾ ನೋಡುತ್ತಿದ್ದೆ. ಕಂಡೂ ಕಾಣದವನ ಹಾಗೆ ಮೀಟರಿನತ್ತ ತಿರುಗುತ್ತಿದ್ದೆ. ಪ್ಲಾಸ್ಟಿಕ್ಕಿನ ಚಳಿ ಕೈ ಕೊರೆದರೂ ಬೇಗ ಬಿಡುತ್ತದೆ. ಲೋಹದ್ದು ಹಾಗಲ್ಲ.

ಅಂದು ಸತುವಿನ ಎರಕದ ಹಿಡಿಕೆಗಳಿದ್ದವು. ಮಧ್ಯಾಹ್ನ ಎರಡು ಗಂಟೆ. ಮಾಲು ಒಯ್ಯುವ ಗಾಡಿ ಗೇಟಿನ ಮುಂದೆ ನಿಂತಿತ್ತು, ಅದರ ಚಾಲಕ ಎರಡು ಸಲ ಬಂದು ಕೇಳಿ ಹೋಗಿದ್ದ. ನಾನು ಬಾಗಿಲು ತೆಗೆದು ತಟ್ಟೆ ಎಳೆದವನೇ ಅವಳ ಮುಂದೆ ಇಟ್ಟೆ.

“ಲಗೂ ನೋಡಕ್ಕಾ. ಗಾಡಿ ನಿಂತೈತಿ.”

“ಇನ್ನೂ ಹೊಗಿ ಆಡಾಕತ್ತೈತಲ್ಲೋ.”

“ಮ್ಯಾಲಿನ ನಾಕು ನೋಡು ಸಾಕು.”

ಬೇಸಿಗೆಯ ದಿನ, ಕೈ ಬೆವರಿತ್ತು. ಅವಳು ಒಂದು ಹಿಡಿಕೆಯನ್ನು ಮೂರು ಬೆರಳಿನಲ್ಲಿ ಹಿಡಿದಳು. ಮತ್ತೆ ಬಿಡಲು ಬರಲಿಲ್ಲ. ಅಂಟಿಕೊಂಡಿತು. ಅವಳು ಕೂಗಲಿಲ್ಲ. “ತಮ್ಮಾ, ಇದು ಬಿಡವಲ್ದು” ಎಂದಳು, ಸೀರೆಗೆ ಮುಳ್ಳು ಸಿಕ್ಕವರ ಧ್ವನಿಯಲ್ಲಿ. ನಾನು ಹಿಡಿಕೆಯನ್ನು ಹಿಡಿದು ಎಳೆದೆ. ಬೆರಳ ತುದಿಯ ಚರ್ಮ ಅದರ ಜೊತೆಗೇ ಬಂತು.

ಇಲ್ಲಿಗೇ ಮುಗಿದಿದ್ದರೂ ಬೆರಳು ಉಳಿಯುತ್ತಿದ್ದವೇನೋ. ಬೆಳ್ಳಗೆ ಮರಗಟ್ಟಿದ್ದ ಬೆರಳುಗಳನ್ನು ನೋಡಿ ನನಗೆ ತಿಳಿದದ್ದು ಒಂದೇ, ಕಾಯಿಸಬೇಕು. ಮನೆಯಲ್ಲಿ ಚಳಿಗಾಲದ ಮುಂಜಾನೆ ಮಾಡುವುದನ್ನೇ ಮಾಡಿದೆ. ನನ್ನ ಎರಡೂ ಕೈಗಳ ನಡುವೆ ಹಿಡಿದು ಗಸಗಸ ತಿಕ್ಕಿದೆ. ಕ್ಯಾಂಟೀನಿಗೆ ಓಡಿಸಿಕೊಂಡು ಹೋಗಿ ಚಹಾದ ಸ್ಟೋವಿನ ಉರಿಯ ಮೇಲೆ ಅವಳ ಕೈ ಹಿಡಿದೆ.

“ಹತ್ತತೈತೇನಕ್ಕಾ?”

“ಏನೂ ಹತ್ತವಲ್ದು.”

ಹತ್ತುತ್ತಿಲ್ಲ ಎಂದದ್ದಕ್ಕೆ ಇನ್ನೂ ಹತ್ತಿರ ಹಿಡಿದೆ. ಸುಡುತ್ತಿದೆ ಎಂಬುದು ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ವಾಸನೆ ಬಂದಾಗ ಕೈ ಹಿಂದೆ ತೆಗೆದೆ. ಆಮೇಲೆ ಡಾಕ್ಟರು ಬ್ಯಾಂಡೇಜ್ ಸುತ್ತುತ್ತ ತಣ್ಣಗೆ ಹೇಳಿದರು. ಅಂಟಿದ್ದನ್ನು ಕಿತ್ತೆಳೆಯಬಾರದಿತ್ತು. ತಿಕ್ಕಬಾರದಿತ್ತು, ಉರಿಗೆ ಹಿಡಿಯಬಾರದಿತ್ತು. ಉಗುರು ಬೆಚ್ಚಗಿನ ನೀರಿನಲ್ಲಿ ಕೈ ಇಳಿಬಿಟ್ಟಿದ್ದರೆ ಹಿಡಿಕೆ ತಾನಾಗಿ ಬಿಡುತ್ತಿತ್ತು, ಬೆರಳೂ ಬಹುಪಾಲು ಉಳಿಯುತ್ತಿತ್ತು. ಪುಣೆಯಲ್ಲಿ ಕೊಟ್ಟ ಪುಸ್ತಕದ ಕೊನೆಯ ಪುಟದಲ್ಲಿ ಅದೇ ಬರೆದಿತ್ತು. ಯಂತ್ರ ನಡೆಸುವ ಪುಟಗಳನ್ನೆಲ್ಲ ಬಾಯಿಪಾಠ ಮಾಡಿದ್ದ ನಾನು ಆ ಪುಟವನ್ನು ತಿರುವಿರಲಿಲ್ಲ. ಈ ಕೆಲಸಕ್ಕೆ ಬರುವ ಮಕ್ಕಳೇ, ಕೊನೆಯ ಪುಟವನ್ನು ಮೊದಲು ಓದಿರಿ.

ಮರುದಿನ ಅಪಘಾತದ ರಿಜಿಸ್ಟರ್ ಬರೆಯಬೇಕಿತ್ತು. ಕಾರಣ ಎಂಬ ಕಾಲಮಿನಲ್ಲಿ ನಾನು ಬರೆದೆ, ‘ಕೆಲಸಗಾರ್ತಿ ಸೂಚನೆ ಮೀರಿ ಕೈಗವಸು ತೆಗೆದಿದ್ದರಿಂದ.’ ಅದು ಅಕ್ಷರಶಃ ಸುಳ್ಳೂ ಆಗಿರಲಿಲ್ಲ, ಸೂಚನೆ ಗೋಡೆಯ ಮೇಲೆ ಇತ್ತು. ಸಂಜೆ ರಿಜಿಸ್ಟರ್ ಹಿಡಿದು ಅವಳ ಮನೆಗೆ ಹೋದೆ. ಅವಳು ಓದುಬಲ್ಲವಳು. ನಿಧಾನವಾಗಿ ಓದಿದಳು. ನನ್ನ ಮುಖ ನೋಡಿದಳು. ಎಡಗೈಯಿಂದ ಸೊಟ್ಟ ಸೊಟ್ಟಾಗಿ ಸಹಿ ಮಾಡಿದಳು.

“ನಿನಗ ತ್ರಾಸ ಆಗಬಾರದಲ್ಲ” ಎಂದಳು.

ಎರಡು ತಿಂಗಳಿಗೆ ಗಾಯ ಮಾಯ್ದು ಕೆಲಸಕ್ಕೆ ಬಂದಳು. ಬೆರಳ ತುದಿಗೆ ಹೊಸ ಚರ್ಮ ಬಂದಿತ್ತು, ತೆಳ್ಳಗೆ, ಮಿರಿಮಿರಿ. ಮೊದಲಿನ ಹಾಗೆಯೇ ಒಂದೊಂದನ್ನು ಎತ್ತಿ, ಒಂದು ಸುತ್ತು ಆಡಿಸಿ, ಬಲಕ್ಕೆ ಎಡಕ್ಕೆ ಹಾಕತೊಡಗಿದಳು. ನನ್ನ ಎದೆಯ ಭಾರ ಇಳಿಯಿತು. ಒಂದು ವಾರ ಹಾಗೆಯೇ ಹೋಯಿತು. ಆಮೇಲೆ ಒಂದು ದಿನ ಅವಳು ಸರಿ ಎಂದು ಬಲಕ್ಕೆ ಹಾಕಿದ ರಾಶಿಯಿಂದ ಒಂದನ್ನು ಸುಮ್ಮನೆ ಎತ್ತಿದೆ. ಹತ್ತಿ ಸವರಿದೆ. ಎಳೆ ನಿಂತಿತು. ಇನ್ನೊಂದು ಎತ್ತಿದೆ. ಅದರಲ್ಲೂ ನಿಂತಿತು.

ನೀಲವ್ವ ನೋಡುತ್ತಿದ್ದಳು. ಅವಳೇ ತಗ್ಗಿದ ದನಿಯಲ್ಲಿ ಹೇಳಿದಳು.

“ಏನೂ ತಿಳಿಯೂದಿಲ್ಲ ತಮ್ಮಾ. ಚೂರಿ ತಾಗಿದ್ರೂ ತಿಳಿಯೂದಿಲ್ಲ. ಸಾವ್ಕಾರ್ರಿಗೆ ಹೇಳಬ್ಯಾಡ. ಈ ಕೆಲಸ ಹೋದ್ರ ನಾ ಮನ್ಯಾಗ ಹೆಂಗ ಕೂಡ್ಲಿ?”

ಹೇಳಲಿಲ್ಲ. ಅಂದಿನಿಂದ ಅವಳು ನೋಡಿದ್ದನ್ನು ನಾನು ಇನ್ನೊಮ್ಮೆ ಹತ್ತಿಯಿಂದ ನೋಡತೊಡಗಿದೆ. ಅವಳು ಎತ್ತಿ ಇಡುವ ಆಟ ಆಡುವುದು, ನಾನು ಊಟದ ಹೊತ್ತಿನಲ್ಲಿ, ಎಲ್ಲರೂ ಹೋದ ಮೇಲೆ, ಮತ್ತೆ ಎಲ್ಲವನ್ನೂ ಸವರುವುದು. ಆರೆಂಟು ತಿಂಗಳು ಹೀಗೆ ನಡೆಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ತಿಂಗಳುಗಳಲ್ಲಿ ನನಗೆ ಒಂದು ಬಗೆಯ ಸಮಾಧಾನವಿತ್ತು. ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದೇನೆ ಎಂದು ಅಂದುಕೊಂಡಿದ್ದೆ. ಅವಳೂ ಹಗುರಾಗಿದ್ದಳು. ಒಮ್ಮೊಮ್ಮೆ, “ಇವತ್ತು ನಿನ್ನ ಹತ್ತಿಗೆ ಎಷ್ಟು ಸಿಕ್ಕಾವೋ?” ಎಂದು ಕೇಳುತ್ತಿದ್ದಳು. ಸಂಜೆ ಬೆರಳಿಗೆ ಕುಸುಬಿ ಎಣ್ಣೆ ಹಚ್ಚಿಕೊಳ್ಳುವುದನ್ನು ಮಾತ್ರ ಬಿಟ್ಟಿರಲಿಲ್ಲ. ಅದನ್ನು ನೋಡಲು ಆಗುತ್ತಿರಲಿಲ್ಲ.

ಮುಂದೆ ನನಗೆ ಜ್ವರ ಬಂದು ಒಂದು ವಾರ ಮಲಗಿದೆ. ಆ ವಾರದ ಮಾಲು ಅವಳ ಬೆರಳಿನ ಮೇಲೆಯೇ ಹೊರಗೆ ಹೋಯಿತು. ಹದಿನೈದು ದಿನಕ್ಕೆ ಪೂರಾ ಮಾಲು ಹಿಂದಿರುಗಿ ಬಂತು. ವಾಲ್ವು ಮುಚ್ಚುತ್ತಿಲ್ಲ ಎಂಬ ಪತ್ರ ಜೊತೆಗಿತ್ತು. ಸಾವ್ಕಾರ್ರು ಡಬ್ಬಿಯನ್ನು ನಮ್ಮ ಮೇಜಿನ ಮೇಲೆ ಇಟ್ಟು, ಒಂದು ಬಳೆ ಎತ್ತಿ, ತಮ್ಮ ಹಳೆಯ ಅಭ್ಯಾಸದಂತೆ ಎರಡು ಬೆರಳಿನ ನಡುವೆ ತಿಕ್ಕಿದರು. ಹತ್ತಿ ನೋಡಿ ಪಳಗಿದ ಕೈ ಅದು. ಅವರಿಗೂ ತಿಳಿಯಿತು.

“ಇದು ನನಗ ಹತ್ತತೈತಿ. ನಿಮಗ ಹೆಂಗ ಹತ್ತಲಿಲ್ಲ?” ಎಂದರು. ಬಯ್ಯುವ ಮನುಷ್ಯರಲ್ಲ ಅವರು. ಕೇಳಿದ್ದೂ ನನ್ನನ್ನು. “ಚನ್ನಪ್ಪ, ಏನಾಗೇತಿ ಹೇಳು.”

ಹೇಳಬೇಕಾದ್ದು ಮೂರೇ ಮಾತು. ಅವಸರ ಮಾಡಿದ್ದು ನಾನು. ಬೆರಳು ಸುಟ್ಟದ್ದು ನಾನು. ರಿಜಿಸ್ಟರಿನಲ್ಲಿ ಬರೆದದ್ದು ಸರಿಯಲ್ಲ. ಒಂದನ್ನೂ ಹೇಳದೆ, ಮಾಲಿನ ಜೊತೆ ಬಂದ ಪತ್ರವನ್ನು ಎತ್ತಿಕೊಂಡು ಮಡಚತೊಡಗಿದೆ. ಹೇಳಿದ್ದರೆ ಸಾವ್ಕಾರ್ರು ಅವಳಿಗೆ ಬೇರೆ ಏನಾದರೂ ಕೆಲಸ ಕೊಡುತ್ತಿದ್ದರು ಎಂದು ಈಗಲೂ ನನಗೆ ಅನ್ನಿಸುತ್ತದೆ. ಮನುಷ್ಯ ಕೆಟ್ಟವರಾಗಿರಲಿಲ್ಲ.

ನಾನು ಬಾಯಿ ತೆರೆಯುವುದನ್ನು ನೀಲವ್ವ ಸ್ವಲ್ಪ ಹೊತ್ತು ಕಾಯ್ದಳು. ಇದನ್ನು ನಾನು ಮರೆಯಲಾರೆ, ಕಾಯ್ದಳು. ಆಮೇಲೆ ಎದ್ದು ನಿಂತಳು.

“ನಂದ ತಪ್ಪು ರೀ ಸಾವ್ಕಾರ್ರ. ಕೈಗವಸು ತಗದು ಬೆರಳು ಕೆಡಿಸಿಕೊಂಡೆ. ಈಗ ತಿಳಿಯೂದಿಲ್ಲ. ತಿಳೀತೈತಿ ಅಂತ ಸುಳ್ಳು ಹೇಳ್ಕೋತ ಬಂದೆ. ಚನ್ನಪ್ಪಗ ಗೊತ್ತಿಲ್ಲ.”

ಆ ವಾರವೇ ಕೆಲಸ ಬಿಟ್ಟಳು. ಏಳು ಚೂರಿಗಳ ಗಂಟಿಗೆ ತನ್ನ ಎಂಟನೆಯದನ್ನೂ ಸೇರಿಸಿ ನನ್ನ ಕೈಗೆ ಕೊಟ್ಟಳು. ಮುಂದಿನ ತಿಂಗಳು ಮೈಕ್ರೋಸ್ಕೋಪ್ ಬಂತು. ಅದಾದ ಮೇಲೆ ನಾನು ಇನ್ನೂ ಬಹಳ ವರ್ಷ ಕೆಲಸ ಮಾಡಿದೆ, ಅದರ ಬಗ್ಗೆ ಬರೆಯುವಂಥದು ಏನೂ ಇಲ್ಲ.

ಐ.ಟಿ.ಐ.ಯಿಂದ ಬಂದ ಮೂರನೆಯ ದಿನ ಕಮರಿಪೇಟೆಗೆ ಹೋದೆ. ನೀಲವ್ವ ರೊಟ್ಟಿ ಮಾಡಿ ಮಾರುತ್ತಾಳೆ ಎಂದು ಎಷ್ಟೋ ವರ್ಷದಿಂದ ಕೇಳಿದ್ದೆ. ಕೇಳಿಯೂ ಆ ಓಣಿಯ ಕಡೆ ಹಾಯ್ದಿರಲಿಲ್ಲ. ಬಾಗಿಲಲ್ಲೇ ಒಲೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದ ಕೂಡಲೇ ಗುರುತಿಸಿದಳು.

“ಬಾ ತಮ್ಮಾ. ಕೂಡು. ಭಾಳ ಸೊರಗೀಯಲ್ಲೋ.”

ಕುಳಿತೆ. ಹಿಟ್ಟಿನ ಉಂಡೆಯನ್ನು ಟಪಟಪ ಬಡಿದು, ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಿ, ನೀರು ಸವರಿ, ಬರಿಗೈಯಿಂದ ತಿರುವಿದಳು. ರೊಟ್ಟಿ ಉಬ್ಬಿ ಬಂತು. ಓಣಿಯವರೆಲ್ಲ ಆಡಿಕೊಂಡಿದ್ದ ಕೈ ಈಗ ಓಣಿಗೆಲ್ಲ ರೊಟ್ಟಿ ಕೊಡುತ್ತಿತ್ತು.

ರಿಜಿಸ್ಟರಿನ ಮಾತು ಎತ್ತಿದೆ. ಇಪ್ಪತ್ತು ವರ್ಷ ಹೇಳದೆ ಉಳಿಸಿಕೊಂಡಿದ್ದ ಮೂರೂ ಮಾತನ್ನು ಆಡಿದೆ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ಅವಳು ಬಡಿಯುವುದನ್ನು ನಿಲ್ಲಿಸದೆ ಕೇಳಿದಳು.

“ಅವತ್ತ ಹೇಳಬೇಕಾಗಿತ್ತು ತಮ್ಮಾ” ಎಂದಳು. ಅಷ್ಟೇ. ಸಿಟ್ಟು ಇರಲಿಲ್ಲ, ಇರಲಿ ಬಿಡು ಎಂದೂ ಅನ್ನಲಿಲ್ಲ.

ಇನ್ನೊಂದು ರೊಟ್ಟಿ ಹಂಚಿಗೆ ಬಿತ್ತು. ತಿರುವಿ ಹಾಕಿ ಆ ಮೂರು ಬೆರಳ ತುದಿಯನ್ನು ಹಂಚಿನ ಅಂಚಿಗೇ ಊರಿಕೊಂಡು ನನ್ನತ್ತ ತಿರುಗಿದಳು, ಎಷ್ಟು ರೊಟ್ಟಿ ಕಟ್ಟಲಿ ಎಂದು ಕೇಳಲು. ಕೈ ಅಲ್ಲೇ ಇತ್ತು. ವಾಸನೆ ಮೊದಲು ಬಂದದ್ದು ನನಗೆ. ಅದೇ ವಾಸನೆ.

“ಅಕ್ಕಾ, ಬೆರಳು ಸುಡಾಕತ್ತೈತಿ.”

ಅವಳು ಕೈ ಎತ್ತಿ ಬೆಳಕಿಗೆ ಹಿಡಿದು, ಬೇರೆ ಯಾರದೋ ಕೈ ನೋಡುವವಳಂತೆ ನೋಡಿದಳು.

“ಹೌದಲ್ಲ” ಎಂದಳು. ಸೀರೆಗೆ ಒರೆಸಿಕೊಂಡು ಮತ್ತೊಂದು ಉಂಡೆ ತೆಗೆದುಕೊಂಡಳು. “ನೀ ಇದ್ದಿ ಅಂತ ತಿಳೀತು ನೋಡು.”